ಲಗ್ನಪತ್ರಿಕೆಯ ಇಂಗ್ಲಿಷ್ ಹೆಸರುಗಳಿಗೆ ಕೂಡುಬರಹದ ಫಾಂಟ್: ಓದಲು ಬರುತ್ತಿಲ್ಲ, ದೋಷ ಎಲ್ಲಿದೆ?

ಮಲೆನಾಡಿನ ಮೇಷ್ಟ್ರು:

ವೇದಿಕೆಯ ಎಲ್ಲರಿಗೂ ನಮಸ್ಕಾರ. ಬರುವ ಮಾಘದಲ್ಲಿ ನನ್ನ ಮಗಳ ಮದುವೆ ನಿಶ್ಚಯವಾಗಿದೆ. ಲಗ್ನಪತ್ರಿಕೆಯ ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಇಂಗ್ಲಿಷ್ ಎಂದು ಬೀಗರೊಡನೆ ಮಾತಾಗಿತ್ತು. ನಿನ್ನೆ ಮುದ್ರಣಾಲಯದಿಂದ ಕರಡು ಬಂತು. ಕನ್ನಡದ ಮಗ್ಗುಲಿನಲ್ಲಿ ಒಂದೆರಡು ಕಾಗುಣಿತದ ತಪ್ಪುಗಳಿದ್ದವು, ತಿದ್ದಿದೆ. ಇಂಗ್ಲಿಷಿನ ಮಗ್ಗುಲನ್ನು ಹೇಗೆ ತಿದ್ದಬೇಕೆಂದು ತಿಳಿಯದೆ ಇಲ್ಲಿ ಕೇಳುತ್ತಿದ್ದೇನೆ.

ಇಡೀ ಪುಟವನ್ನು ಬಲಕ್ಕೆ ಬಾಗಿದ, ಬಳ್ಳಿಯಂತೆ ಸುತ್ತಿಕೊಂಡ ಕೂಡುಬರಹದ ಫಾಂಟಿನಲ್ಲಿ ಜೋಡಿಸಿದ್ದಾರೆ. ಮಗಳ ಇನಿಷಿಯಲ್ ಟಿ ಮತ್ತು ಎಸ್, ಹೆಸರು ಎಲ್ ಅಕ್ಷರದಿಂದ ಆರಂಭವಾಗುತ್ತದೆ. ಹೀಗಾಗಿ ಮೂರು ದೊಡ್ಡಕ್ಷರಗಳು ಸಾಲಾಗಿ ನಿಂತು, ಒಂದರ ಬಾಲ ಇನ್ನೊಂದರ ಕೊರಳಿಗೆ ಸುತ್ತಿಕೊಂಡಿದೆ. ಹಿಂದೆಯೇ ಬಿ.ಇ. ಎಂಬ ಪದವಿಯೂ ಅದೇ ಅಕ್ಷರದಲ್ಲಿದೆ. ಕಣ್ಣಿನ ಪೊರೆ ತೆಗೆಸಿಕೊಂಡು ಈಗ ಚೆನ್ನಾಗಿಯೇ ಓದುವ ನನ್ನ ಅಣ್ಣ, ಟಿ ಅಕ್ಷರವನ್ನು ಎಫ್ ಎಂದೂ, ಎಸ್ ಅಕ್ಷರವನ್ನು ಎಲ್ ಎಂದೂ ಓದಿದರು. ಕಲ್ಯಾಣಮಂಟಪದ ವಿಳಾಸವಂತೂ ಕೂದಲೆಳೆಯಷ್ಟು ಸಣ್ಣದಾಗಿದೆ. ಮುದ್ರಣಾಲಯದವರನ್ನು ಕೇಳಿದರೆ, ಎಲ್ಲರೂ ಇದನ್ನೇ ಕೇಳುತ್ತಾರೆ, ಪತ್ರಿಕೆಗೆ ಗಾಂಭೀರ್ಯ ಬರುತ್ತದೆ ಎನ್ನುತ್ತಾರೆ. ಫಾಂಟಿನ ಹೆಸರು ಸ್ನೆಲ್ ರೌಂಡ್‌ಹ್ಯಾಂಡ್ ಅಂತೆ.

ನನ್ನ ಪ್ರಶ್ನೆಗಳು ಎರಡು. ದೋಷ ಫಾಂಟಿನದೋ, ಅದನ್ನು ಬಳಸಿದ ರೀತಿಯದೋ? ಕನ್ನಡದ ಮಗ್ಗುಲಿಗೂ ಇಂಥದೇ ಒಂದು ಗಂಭೀರವಾದ ಕೈಬರಹದ ಫಾಂಟ್ ಇದೆಯೇ?

ಡಿಟಿಪಿ ದಾವಣಗೆರೆ:

ಮೇಷ್ಟ್ರೇ, ಮೊದಲು ಶುಭಾಶಯಗಳು. ಮುದ್ರಣಾಲಯದವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಈ ಡಿಟಿಪಿ ಕೆಲಸದಲ್ಲಿ ಹದಿನೆಂಟು ವರ್ಷಗಳಿಂದ ಇದ್ದೇನೆ. ಸಾದಾ ಅಕ್ಷರದಲ್ಲಿ ಕರಡು ತೆಗೆದುಕೊಟ್ಟರೆ ಹತ್ತರಲ್ಲಿ ಎಂಟು ಮನೆಯವರು ‘ಇದೇನು, ಬ್ಯಾಂಕಿನ ನೋಟಿಸಿನ ಹಾಗಿದೆ’ ಎಂದು ಹಿಂದಕ್ಕೆ ಕೊಡುತ್ತಾರೆ. ಮದುವೆಯೆಂದರೆ ಬಳುಕುವ ಅಕ್ಷರ ಎಂಬುದು ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಅಕ್ಷರಾಸಕ್ತೆ:

ನಾನು ಬೆಂಗಳೂರಿನಲ್ಲಿ ಫಾಂಟ್ ವಿನ್ಯಾಸದ ಕೆಲಸ ಮಾಡುತ್ತೇನೆ. ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಫಾಂಟ್ ಬಹಳ ಒಳ್ಳೆಯದು, ಬಳಸಿದ ರೀತಿ ತಪ್ಪು. ಏಕೆಂದು ಹೇಳಲು ಆ ಹೆಸರಿನ ಹಿಂದಿರುವ ಮನುಷ್ಯನನ್ನು ಪರಿಚಯಿಸಬೇಕಾಗುತ್ತದೆ.

ಚಾರ್ಲ್ಸ್ ಸ್ನೆಲ್ (1667–1733) ಲಂಡನ್ನಿನ ಬರಹದ ಮೇಷ್ಟ್ರು. ಆ ಕಾಲದ ಇಂಗ್ಲೆಂಡಿನಲ್ಲಿ ವ್ಯಾಪಾರ ಬೆಳೆಯುತ್ತಿತ್ತು. ಖಾತೆ ಬರೆಯಲು, ಪತ್ರ ಬರೆಯಲು, ಹುಂಡಿ ಬರೆಯಲು ಗುಮಾಸ್ತರು ಬೇಕಾಗಿದ್ದರು. ಆ ಗುಮಾಸ್ತರಿಗೆ ಬೇಗ ಬರೆಯಲು ಬರುವ, ಓದುವವರಿಗೆ ಸಂಶಯ ಹುಟ್ಟಿಸದ ಒಂದು ಬರಹ ಬೇಕಾಗಿತ್ತು. ಹಾಗೆ ರೂಢಿಗೆ ಬಂದದ್ದು ರೌಂಡ್‌ಹ್ಯಾಂಡ್. ನಮ್ಮ ಶಾಲೆಗಳಲ್ಲಿ ಮೇಷ್ಟ್ರು ‘ಅಕ್ಷರ ದುಂಡಗೆ ಬರೆ’ ಎನ್ನುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಹೆಸರು. ಸ್ನೆಲ್ 1694ರಲ್ಲಿ ತನ್ನ ಮಾದರಿ ಬರಹಗಳ ಪುಸ್ತಕವನ್ನು ಪ್ರಕಟಿಸಿದ. 1714ರಲ್ಲಿ ರೌಂಡ್‌ಹ್ಯಾಂಡಿನ ಪ್ರತಿಯೊಂದು ಅಕ್ಷರದ ಅಳತೆಯನ್ನೂ ಗಣಿತದ ನಿಯಮದಂತೆ ನಿಗದಿಪಡಿಸುವ ಇನ್ನೊಂದು ಪುಸ್ತಕವನ್ನು ಹೊರತಂದ. ಸಮಕಾಲೀನ ಬರಹಗಾರರು ಅಕ್ಷರದ ಸುತ್ತ ಹಕ್ಕಿ, ಮೃಗ, ಬಳ್ಳಿಗಳ ಚಿತ್ರ ಬಿಡಿಸುವುದನ್ನು ಅವನು ಕಟುವಾಗಿ ವಿರೋಧಿಸುತ್ತಿದ್ದ. ಅವನು ಲೆಕ್ಕಪತ್ರದ ಮನುಷ್ಯನೂ ಹೌದು. 1720ರ ಸೌತ್ ಸೀ ಕಂಪನಿಯ ಹಗರಣದ ನಂತರ, ಅದಕ್ಕೆ ಸಂಬಂಧಿಸಿದ ಒಂದು ವ್ಯಾಪಾರಿ ಸಂಸ್ಥೆಯ ಖಾತೆಗಳನ್ನು ಪರಿಶೀಲಿಸಿ ವರದಿ ಬರೆದದ್ದು ಇದೇ ಸ್ನೆಲ್.

ಹೀಗೆ ಖಾತೆಯ ಪುಸ್ತಕದಲ್ಲಿ ಬೆಳೆದ, ಸ್ಪಷ್ಟತೆಯೇ ಪ್ರಾಣವಾಗಿದ್ದ ಬರಹವನ್ನು ನಾವು ಇಂದು ‘ಓದಲು ಬಾರದಿದ್ದರೂ ಸರಿ, ಚೆಂದ ಕಂಡರೆ ಸಾಕು’ ಎಂದು ಬಳಸುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಮಲೆನಾಡಿನ ಮೇಷ್ಟ್ರು:

ಮೇಡಂ, ತುಂಬ ಉಪಕಾರವಾಯಿತು. ಹಾಗಾದರೆ ನಮ್ಮ ಮುದ್ರಣಾಲಯದ ಕಂಪ್ಯೂಟರಿನಲ್ಲಿರುವುದು ಆ ಸ್ನೆಲ್ ಬರೆದ ಅಕ್ಷರಗಳೇ?

ಅಕ್ಷರಾಸಕ್ತೆ:

ಅವನ ಬರಹವನ್ನು ಆಧರಿಸಿದ್ದು, ಚಿತ್ರಿಸಿದವರು ಬೇರೆ. ಮ್ಯಾಥ್ಯೂ ಕಾರ್ಟರ್ ಎಂಬ ಇಂಗ್ಲೆಂಡಿನ ವಿನ್ಯಾಸಕಾರರು 1965ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಮರ್ಗೆಂಥಾಲರ್ ಲೈನೋಟೈಪ್ ಕಂಪನಿಗೆ ಸೇರಿದರು. 1966ರಲ್ಲಿ ಸ್ನೆಲ್ ರೌಂಡ್‌ಹ್ಯಾಂಡ್ ಬಂತು. ಮುಂದೆ ಕಂಪ್ಯೂಟರ್ ಪರದೆಗಾಗಿ ವರ್ಡಾನಾ, ಜಾರ್ಜಿಯಾ ಫಾಂಟುಗಳನ್ನು ಮಾಡಿದವರೂ ಇವರೇ. ಹರೆಯದಲ್ಲಿ ಹಾಲೆಂಡಿನ ಹಾರ್ಲೆಮ್‌ನಲ್ಲಿ ಉಕ್ಕಿನ ತುಂಡಿನ ಮೇಲೆ ಕೈಯಿಂದ ಅಕ್ಷರ ಕೊರೆಯುವುದನ್ನು ಕಲಿತವರು. ಆದ್ದರಿಂದ ಲೋಹದ ಮೊಳೆಗೆ ಏನು ಸಾಧ್ಯ, ಏನು ಅಸಾಧ್ಯ ಎಂಬುದು ಅವರಿಗೆ ಕೈಯಲ್ಲೇ ಗೊತ್ತಿತ್ತು. ಬಾಗಿದ ಕೂಡುಬರಹ ಲೋಹದಲ್ಲಿ ಕಷ್ಟ. ಮೊಳೆಯಿಲ್ಲದೆ ಬೆಳಕಿನಿಂದ ಫಿಲ್ಮಿನ ಮೇಲೆ ಅಕ್ಷರ ಮೂಡಿಸುವ ಫೋಟೋ ಅಕ್ಷರಜೋಡಣೆ ಬಂದಾಗ ಆ ಕಷ್ಟ ನೀಗಿತು. ಆ ಅವಕಾಶವನ್ನೇ ಹಿಡಿದು ಅವರು ಸ್ನೆಲ್‌ನ ಬರಹವನ್ನು ಎತ್ತಿಕೊಂಡರು.

ಮೊಳೆಮನೆ:

ಲೋಹದಲ್ಲಿ ಕಷ್ಟ ಎಂದು ಮೇಡಂ ಒಂದು ಮಾತಿನಲ್ಲಿ ಮುಗಿಸಿದ್ದಾರೆ. ಆ ಕಷ್ಟವನ್ನು ಬೆರಳಿನಲ್ಲಿ ಅನುಭವಿಸಿದವನು ನಾನು, ಸ್ವಲ್ಪ ವಿವರವಾಗಿ ಬರೆಯಲು ಅಪ್ಪಣೆ ಬೇಡುತ್ತೇನೆ. ಧಾರವಾಡದಲ್ಲಿ, ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಯಂತ್ರವಿದ್ದ ಒಂದು ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷ ಕಂಪೋಸಿಟರ್, ಅಂದರೆ ಮೊಳೆ ಜೋಡಿಸುವವನು ಆಗಿದ್ದೆ.

ಮೊಳೆಯೆಂದರೆ ನಾಲ್ಕು ಮೂಲೆಯ ಸೀಸದ ಕಡ್ಡಿ, ಅದರ ನೆತ್ತಿಯ ಮೇಲೆ ಅಕ್ಷರ. ನೆಟ್ಟಗೆ ನಿಂತ ಅಕ್ಷರ ಆ ಚೌಕದೊಳಗೆ ಅಚ್ಚುಕಟ್ಟಾಗಿ ಕೂಡುತ್ತದೆ. ಬಾಗಿದ ಅಕ್ಷರದ ತಲೆ ಬಲಕ್ಕೆ ಚಾಚಿ, ಬಾಲ ಎಡಕ್ಕೆ ಚಾಚಿ ಚೌಕದಿಂದ ಹೊರಬೀಳುತ್ತದೆ. ಹೊರಬಿದ್ದ ಭಾಗ ಪಕ್ಕದ ಮೊಳೆಯ ಹೆಗಲ ಮೇಲೆ ಕೂರಬೇಕು. ನಮ್ಮಲ್ಲಿ ಇಂಗ್ಲಿಷ್ ಸ್ಕ್ರಿಪ್ಟ್, ಅಂದರೆ ಕೂಡುಬರಹದ ಮೊಳೆಗಳ ಒಂದೇ ಒಂದು ಕೇಸು (ಮೊಳೆಪೆಟ್ಟಿಗೆ) ಇತ್ತು, ಅಕ್ಷರದ ಗಾತ್ರ 24 ಪಾಯಿಂಟಿನದು. ಮಾಲೀಕರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಲಗ್ನಪತ್ರಿಕೆ ಬಂದಾಗ ಮಾತ್ರ ಹೊರಗೆ ಬರುತ್ತಿತ್ತು. ಚೌಕಟ್ಟಿನಲ್ಲಿ ಬಿಗಿಯುವಾಗ ಕೈ ಸ್ವಲ್ಪ ಹೆಚ್ಚು ಬಿಗಿಯಾದರೂ ಸಣ್ಣ ಎಫ್ ಅಕ್ಷರದ ಬಾಲ ಪಟ್ಟೆಂದು ಮುರಿಯುತ್ತಿತ್ತು. ನಾನು ಕೆಲಸಕ್ಕೆ ಸೇರಿದಾಗ ಒಂಬತ್ತು ಎಫ್ ಇದ್ದವು, ಬಿಡುವಾಗ ಬಾಲವಿರುವ ಎಫ್ ಎರಡೇ ಉಳಿದಿದ್ದವು. ಇಂಗ್ಲಿಷಿನಲ್ಲಿ ತಂದೆ ಎಂಬ ಪದದಲ್ಲಿ ಎಫ್ ಇದೆಯೆಂದು ನಾವು ಪತ್ರಿಕೆಯ ವಾಕ್ಯವನ್ನೇ ಬದಲಿಸಿದ್ದುಂಟು.

ಆ ಮೊಳೆಯಲ್ಲಿ ಅಕ್ಷರದಿಂದ ಅಕ್ಷರಕ್ಕೆ ಎಳೆ ಕೂಡುತ್ತಿತ್ತಾದರೂ, ಮೊಳೆ ಸವೆದಂತೆ ಕೂಡುವ ಜಾಗದಲ್ಲಿ ಕೂದಲಿನಷ್ಟು ಬಿರುಕು ಕಾಣುತ್ತಿತ್ತು. ದೊಡ್ಡಕ್ಷರಗಳನ್ನು ಸಾಲಾಗಿ ಜೋಡಿಸಬಾರದೆಂದು ನಮ್ಮ ಹಿರಿಯ ಕಂಪೋಸಿಟರ್ ಮೊದಲ ದಿನವೇ ಹೇಳಿಕೊಟ್ಟಿದ್ದರು. ಇನಿಷಿಯಲ್ ಬಂದರೆ ಅದನ್ನು ಸಾದಾ ಮೊಳೆಯಲ್ಲಿ, ಹೆಸರನ್ನು ಮಾತ್ರ ಸ್ಕ್ರಿಪ್ಟಿನಲ್ಲಿ ಜೋಡಿಸುತ್ತಿದ್ದೆವು.

ಡಿಟಿಪಿ ದಾವಣಗೆರೆ:

ಹಿರಿಯರೇ, ಇನಿಷಿಯಲ್ ಸಾದಾ ಅಕ್ಷರದಲ್ಲಿ ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾಳೆಯೇ ಮಾಡಿ ನೋಡುತ್ತೇನೆ.

ಅಕ್ಷರಾಸಕ್ತೆ:

ಮೊಳೆಮನೆಯವರು ಬರೆದದ್ದನ್ನು ಎರಡು ಬಾರಿ ಓದಿದೆ. ಅವರ ಹಿರಿಯ ಕಂಪೋಸಿಟರ್ ಹೇಳಿದ ನಿಯಮದಲ್ಲೇ ಮೇಷ್ಟ್ರ ಸಮಸ್ಯೆಯ ಬಹುಭಾಗ ಇದೆ. ರೌಂಡ್‌ಹ್ಯಾಂಡಿನ ದೊಡ್ಡಕ್ಷರ ಪದದ ಬಾಗಿಲಲ್ಲಿ ಒಂಟಿಯಾಗಿ ನಿಲ್ಲಲೆಂದು ಬರೆದದ್ದು. ಅದರ ಸುತ್ತು, ಬಳುಕು ಎಲ್ಲವೂ ಹಿಂದೆ ಬರುವ ಪುಟ್ಟ ಅಕ್ಷರಗಳ ಸಾಲಿಗೆ ಆಸರೆಯಾಗಿ ರೂಪಗೊಂಡಿವೆ. ಇಂಗ್ಲೆಂಡಿನ ಹೆಸರಿನಲ್ಲಿ ಒಂದು ದೊಡ್ಡಕ್ಷರ, ನಾಲ್ಕೈದು ಸಣ್ಣಕ್ಷರ, ಮತ್ತೆ ಒಂದು ದೊಡ್ಡಕ್ಷರ ಬರುತ್ತದೆ. ನಮ್ಮ ಹೆಸರಿನಲ್ಲಿ ಊರಿನದೊಂದು, ತಂದೆಯದೊಂದು ಇನಿಷಿಯಲ್, ಕೊನೆಗೆ ಪದವಿ. ಒಂದೇ ಸಾಲಿನಲ್ಲಿ ಐದಾರು ದೊಡ್ಡಕ್ಷರಗಳು! ಈ ಪರಿಸ್ಥಿತಿಯನ್ನು ಸ್ನೆಲ್ ಕಂಡವನಲ್ಲ. ಮೂವರು ಮದುವಣಗಿತ್ತಿಯರನ್ನು ಒಂದೇ ಹಸೆಯ ಮೇಲೆ ಕೂರಿಸಿದ ಹಾಗಾಗುತ್ತದೆ.

ಇನ್ನೊಂದು ಸೂಕ್ಷ್ಮ. ಟಿ ಮತ್ತು ಎಫ್, ಎಸ್ ಮತ್ತು ಎಲ್, ಐ ಮತ್ತು ಜೆ, ಇವು ಈ ಬರಹದಲ್ಲಿ ಅಕ್ಕತಂಗಿಯರಂತೆ. ಪದದೊಳಗಿದ್ದರೆ ಮುಂದಿನ ಅಕ್ಷರಗಳನ್ನು ನೋಡಿ ಗುರುತು ಹಿಡಿಯುತ್ತೇವೆ. ಇನಿಷಿಯಲ್ ಆಗಿ ಒಂಟಿಯಾಗಿ ನಿಂತರೆ ಗುರುತು ಹಿಡಿಯಲು ಆಧಾರವೇ ಇರುವುದಿಲ್ಲ. ಮೇಷ್ಟ್ರ ಅಣ್ಣನವರ ಕಣ್ಣು ಸರಿಯಾಗಿಯೇ ಇದೆ.

ಕರಡು ತಿದ್ದುವವ:

ಮೇಡಂ, ತಾವು ಫಾಂಟನ್ನು ಪೂರ್ತಿ ದೋಷಮುಕ್ತ ಮಾಡುತ್ತಿದ್ದೀರಿ. ನನ್ನ ಅಭಿಪ್ರಾಯ ಬೇರೆ. ಯಾವ ಅಕ್ಷರವನ್ನು ಓದಲು ಸಂದರ್ಭದ ಆಸರೆ ಬೇಕೋ ಅದು ಅಕ್ಷರವಾಗಿ ಅರ್ಧ ಸೋತಂತೆ. ಹಳ್ಳಿಯ ಹಿರಿಯರಿಗೆ ಹಂಚುವ ಪತ್ರಿಕೆಯಲ್ಲಿ ಇದಕ್ಕೆ ಜಾಗವೇ ಇರಬಾರದು.

ಅಕ್ಷರಾಸಕ್ತೆ:

ಒಪ್ಪಲಾರೆ. ಕನ್ನಡದಲ್ಲಿ ಪ ಮತ್ತು ಷ, ಥ ಮತ್ತು ಧ ಅಕ್ಷರಗಳ ವ್ಯತ್ಯಾಸ ಒಂದು ಗೀರು, ಒಂದು ಚುಕ್ಕೆಯಷ್ಟೇ. ಅಲ್ಲಿಯೂ ಸಂದರ್ಭವೇ ನಮ್ಮನ್ನು ಕಾಯುತ್ತದೆ. ಪತ್ರಿಕೆಯ ಹೆಸರಿನ ಸಾಲಿಗೆ ಒಂದು ನಿಯಮ, ವಿಳಾಸದ ಸಾಲಿಗೆ ಇನ್ನೊಂದು ನಿಯಮ ಇರಲಿ ಎನ್ನುವುದಷ್ಟೇ ನನ್ನ ವಾದ. ವಿಳಾಸ, ಮುಹೂರ್ತ, ದೂರವಾಣಿ ಸಂಖ್ಯೆ ಇವುಗಳಿಗೆ ಕೂಡುಬರಹ ಖಂಡಿತ ಬೇಡ.

ಸುಲ್ತಾನ್‌ಪೇಟೆ ಸ್ಕ್ರೀನ್:

ಮೇಷ್ಟ್ರೇ, ಯಾವ ಕಾಗದ, ಯಾವ ಬಣ್ಣ ಎಂದು ತಾವು ಹೇಳಲಿಲ್ಲ. ಕಡುಗೆಂಪು ಕಾರ್ಡಿನ ಮೇಲೆ ಚಿನ್ನದ ಬಣ್ಣವೇ?

ಮಲೆನಾಡಿನ ಮೇಷ್ಟ್ರು:

ಹೌದು, ಹಾಗೆಯೇ. ಕರಡು ಬಿಳಿ ಹಾಳೆಯ ಮೇಲಿತ್ತು, ಅಂತಿಮವಾಗಿ ಕಡುಗೆಂಪಿನ ಮೇಲೆ ಚಿನ್ನದ ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಎಂದಿದ್ದಾರೆ.

ಸುಲ್ತಾನ್‌ಪೇಟೆ ಸ್ಕ್ರೀನ್:

ಹಾಗಾದರೆ ಈಗಲೇ ಎಚ್ಚರಿಕೆ ವಹಿಸಿ. ಲೇಸರ್ ಪ್ರಿಂಟರಿನಲ್ಲಿ ತೆಗೆದ ಕರಡನ್ನು ನಂಬಬೇಡಿ. ಈ ಅಕ್ಷರದ ಮೇಲೇರುವ ಎಳೆ ಕೂದಲಿನಂತೆ ಸಪೂರ. ಸ್ಕ್ರೀನಿನ ಬಟ್ಟೆ ಜಾಲರಿ, ಬಣ್ಣ ಅದರ ಕಣ್ಣುಗಳಿಂದ ಇಳಿಯಬೇಕು. ಚಿನ್ನದ ಬಣ್ಣದಲ್ಲಿ ಲೋಹದ ಪುಡಿ ಇರುವುದರಿಂದ ಅದು ಸಾದಾ ಬಣ್ಣಕ್ಕಿಂತ ದಪ್ಪ, ಸಣ್ಣ ಜಾಲರಿಯ ಕಣ್ಣು ಕಟ್ಟಿಕೊಳ್ಳುತ್ತದೆ. ದೊಡ್ಡ ಜಾಲರಿ ಹಾಕಿದರೆ ಎಳೆಯ ಅಂಚು ಗರಗಸದಂತಾಗುತ್ತದೆ. ಎರಡೂ ಕಡೆ ಪೆಟ್ಟು. ಐವತ್ತು ಕಾರ್ಡು ಹೋಗುವಷ್ಟರಲ್ಲಿ ಸಪೂರ ಎಳೆಗಳು ಅಲ್ಲಲ್ಲಿ ಮಾಯವಾಗಿ, ದಪ್ಪ ಗೀಟುಗಳು ಮಾತ್ರ ಓರೆಯಾಗಿ ನಿಂತಿರುತ್ತವೆ, ಮಳೆ ಬಿದ್ದ ಹಾಗೆ. ಹೋದ ವರ್ಷ ನಾನು ಇಂಥ 600 ಕಾರ್ಡುಗಳನ್ನು ನನ್ನ ಕೈಯಿಂದಲೇ ಹಣ ಹಾಕಿ ಮತ್ತೆ ಅಚ್ಚು ಹಾಕಿಕೊಟ್ಟಿದ್ದೇನೆ. ಆ ಮನೆಯವರ ಅಜ್ಜಿ ಮೂಲೆಗಳಿಗೆ ಅರಿಸಿನ ಹಚ್ಚಲು ಕೂತಾಗ, ಮದುಮಗನ ಹೆಸರಿನ ಮೊದಲ ಅಕ್ಷರವೇ ಇಲ್ಲವಲ್ಲ ಎಂದರಂತೆ.

ಸ್ನೆಲ್ ಫಾಂಟಿನಲ್ಲಿ ಸಾದಾ, ಬೋಲ್ಡ್, ಬ್ಲ್ಯಾಕ್ ಎಂಬ ಮೂರು ತೂಕಗಳಿವೆ, ಅಂದರೆ ಗೆರೆಯ ದಪ್ಪ ಒಂದಕ್ಕಿಂತ ಒಂದರಲ್ಲಿ ಹೆಚ್ಚು. ಚಿನ್ನದ ಬಣ್ಣಕ್ಕೆ ಬೋಲ್ಡ್ ಹಾಕಿಸಿ, ಹೆಸರಿನ ಗಾತ್ರ ಕನಿಷ್ಠ 30 ಪಾಯಿಂಟ್ ಇರಲಿ.

ಡಿಟಿಪಿ ದಾವಣಗೆರೆ:

ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ಇನಿಷಿಯಲ್‌ಗಳ ತೊಡಕು ಬಿಡುತ್ತದೆಯಲ್ಲವೇ? ನಾನು ಹಾಗೆಯೇ ಮಾಡುವುದು.

ಅಕ್ಷರಾಸಕ್ತೆ:

ದಯವಿಟ್ಟು ಹಾಗೆ ಮಾಡಬೇಡಿ ಅಣ್ಣ. ದೊಡ್ಡಕ್ಷರಗಳ ತೊಡಕು ಬಿಡಬಹುದು, ಆದರೆ ಸಣ್ಣಕ್ಷರಗಳ ಕೂಡಿಕೆ ಕಡಿದುಹೋಗುತ್ತದೆ. ಸಣ್ಣ ಎನ್ ಅಕ್ಷರವನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ನೋಡಿ. ಕೆಳಗಿನ ಗೆರೆಯಿಂದ ಸಪೂರವಾದ ಎಳೆಯೊಂದು ಓರೆಯಾಗಿ ಮೇಲೇರುತ್ತದೆ, ನೆತ್ತಿಯಲ್ಲಿ ಹೊರಳುತ್ತದೆ, ಇಳಿಯುತ್ತ ಇಳಿಯುತ್ತ ದಪ್ಪವಾಗುತ್ತದೆ. ಎರಡನೆಯ ಕಾಲು ನೆಲ ಮುಟ್ಟುವ ಮುನ್ನ ಮತ್ತೆ ಸಪೂರವಾಗಿ, ಬಲಕ್ಕೆ ಎಳೆಯಾಗಿ ಹೊರಡುತ್ತದೆ. ಆ ಹೊರಡುವ ಎಳೆ ಮುಂದಿನ ಅಕ್ಷರವನ್ನು ಯಾವ ಎತ್ತರದಲ್ಲಿ, ಯಾವ ಓರೆಯಲ್ಲಿ ಮುಟ್ಟಬೇಕೆಂಬುದು ಇಪ್ಪತ್ತಾರು ಅಕ್ಷರಗಳಿಗೂ ಒಂದೇ ಲೆಕ್ಕ. ಕೂದಲೆಳೆಯಷ್ಟು ಅಂತರ ಕೊಟ್ಟರೂ ಪ್ರತಿ ಅಕ್ಷರದ ಕೈ ಗಾಳಿಯಲ್ಲಿ ನೇತಾಡುತ್ತದೆ.

ಓ, ವಿ, ಡಬ್ಲ್ಯೂ, ಆರ್ ಅಕ್ಷರಗಳು ಇಲ್ಲಿ ವಿನ್ಯಾಸಕಾರರಿಗೆ ತಲೆನೋವು, ಏಕೆಂದರೆ ಅವುಗಳ ಎಳೆ ಹೊರಡುವುದು ಕೆಳಗಿನಿಂದಲ್ಲ, ಮೇಲಿನಿಂದ. 1966ರ ಯಂತ್ರದಲ್ಲಿ ಒಂದು ಅಕ್ಷರಕ್ಕೆ ಹಲವು ರೂಪಗಳನ್ನು ಇಡುವ ಅನುಕೂಲ ಇರಲಿಲ್ಲ. ಒಂದೇ ರೂಪ ಎಲ್ಲ ನೆರೆಹೊರೆಯವರೊಡನೆ ಹೊಂದಿಕೊಳ್ಳಬೇಕಾಗಿತ್ತು. ಕಾರ್ಟರ್ ಅದನ್ನು ಸಾಧಿಸಿದ ರೀತಿಗೆ ನಾನು ಇಂದಿಗೂ ತಲೆಬಾಗುತ್ತೇನೆ. 1997ರಲ್ಲಿ ಅಡೋಬಿ ಕಂಪನಿಗಾಗಿ ರಿಚರ್ಡ್ ಲಿಪ್ಟನ್ ಮಾಡಿದ ಬಿಕ್‌ಹ್ಯಾಮ್ ಸ್ಕ್ರಿಪ್ಟ್ ಎಂಬ ಫಾಂಟ್ ಮುಂದೆ ಓಪನ್‌ಟೈಪ್ ಎಂಬ ಹೊಸ ಬಗೆಯ ಫಾಂಟ್ ಕಡತದ ರೂಪದಲ್ಲಿ ಬಂದಾಗ, ಪಕ್ಕದ ಅಕ್ಷರ ನೋಡಿ ತಾನೇ ರೂಪ ಬದಲಿಸುವ ಅನುಕೂಲ ಅದಕ್ಕೆ ದಕ್ಕಿತು. ನಮ್ಮ ಒತ್ತಕ್ಷರಗಳು ಪರದೆಯ ಮೇಲೆ ತಾವಾಗಿ ಕೂಡಿಕೊಳ್ಳುವುದೂ ಅದೇ ಓಪನ್‌ಟೈಪ್ ವ್ಯವಸ್ಥೆಯಿಂದ.

ಪದವೀಧರ:

ಬಿಕ್‌ಹ್ಯಾಮ್ ಎಂದರೆ ಆ ಹಳೆಯ ತಾಮ್ರದ ಕೆತ್ತನೆಯ ಪುಸ್ತಕದವನೇ?

ಅಕ್ಷರಾಸಕ್ತೆ:

ಅವನೇ. ಜಾರ್ಜ್ ಬಿಕ್‌ಹ್ಯಾಮ್ 1733ರಿಂದ 1741ರವರೆಗೆ ‘ದಿ ಯೂನಿವರ್ಸಲ್ ಪೆನ್‌ಮನ್’ ಎಂಬ ಸಂಕಲನವನ್ನು ಕಂತುಗಳಲ್ಲಿ ಹೊರತಂದ. ಇಪ್ಪತ್ತೈದು ಬರಹದ ಮೇಷ್ಟ್ರುಗಳ ಕೈಬರಹವನ್ನು ಅವನು ತಾಮ್ರದ ತಗಡಿನ ಮೇಲೆ ಕೆತ್ತಿದ್ದ. ಜನ ಈ ಬರಹವನ್ನು ‘ಕಾಪರ್‌ಪ್ಲೇಟ್’ ಎಂದು ಕರೆಯುವುದು ಆ ತಗಡಿನಿಂದಾಗಿ.

ಪದವೀಧರ:

ನಮ್ಮ ಸಂವಿಧಾನದ ಮೂಲಪ್ರತಿಯೂ ಕಾಪರ್‌ಪ್ಲೇಟ್ ಬರಹದಲ್ಲಿದೆಯಲ್ಲವೇ? ಅಷ್ಟು ಗಂಭೀರವಾದ ಬರಹವನ್ನು ಲಗ್ನಪತ್ರಿಕೆಗೆ ಎಳೆದು ತರುವುದೇ ಸರಿಯಲ್ಲ ಎನಿಸುತ್ತದೆ.

ಶಾನುಭೋಗರ ಮೊಮ್ಮಗ:

ಅಲ್ಲ. ಸಂವಿಧಾನದ ಇಂಗ್ಲಿಷ್ ಮೂಲಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅವರು ಬರೆದದ್ದು ಇಟ್ಯಾಲಿಕ್ ಶೈಲಿಯ ಕೈಬರಹದಲ್ಲಿ. ಪುಟಗಳ ಅಲಂಕಾರ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರದು. ಸದಸ್ಯರು ಅದಕ್ಕೆ ಸಹಿ ಹಾಕಿದ್ದು 1950ರ ಜನವರಿ 24ರಂದು. ಇಟ್ಯಾಲಿಕ್ ಬೇರೆ, ಕಾಪರ್‌ಪ್ಲೇಟ್ ಬೇರೆ.

ಅಕ್ಷರಾಸಕ್ತೆ:

ಹೌದು. ಇಟ್ಯಾಲಿಕ್ ಬರಹಕ್ಕೆ ಅಗಲ ಮೂತಿಯ ಲೇಖನಿ, ಅದರಲ್ಲಿ ದಪ್ಪ-ಸಪೂರ ಬರುವುದು ಲೇಖನಿ ಹಿಡಿದ ಓರೆಯಿಂದ. ರೌಂಡ್‌ಹ್ಯಾಂಡಿಗೆ ಚೂಪು ಮೂತಿಯ, ನಡುವೆ ಸೀಳಿದ ಗರಿ. ಒತ್ತಿದಾಗ ಸೀಳು ಬಿಚ್ಚಿಕೊಂಡು ಗೆರೆ ದಪ್ಪವಾಗುತ್ತದೆ, ಸಡಿಲಿಸಿದಾಗ ಸಪೂರವಾಗುತ್ತದೆ. ಕೆಳಗಿಳಿಯುವಾಗ ಮಾತ್ರ ಒತ್ತಬಹುದು, ಮೇಲೇರುವಾಗ ಒತ್ತಿದರೆ ಕಾಗದ ಹರಿಯುತ್ತದೆ. ಅಂಗಡಿಯವರು ‘ಕ್ಯಾಲಿಗ್ರಫಿ ಫಾಂಟ್’ ಎಂದು ಒಂದೇ ಪಟ್ಟಿಯಲ್ಲಿ ತೋರಿಸುವುದರಲ್ಲಿ ಈ ಎರಡು ಕುಲಗಳೂ ಬೆರೆತಿರುತ್ತವೆ. ಹರ್ಮನ್ ಝಾಫ್ ಅವರ ಝಾಫ್ ಚಾನ್ಸರಿ (1979) ಅಗಲ ಲೇಖನಿಯದು. ಎಡ್ ಬೆಂಗಿಯಾಟ್ ಅವರ ಎಡ್ವರ್ಡಿಯನ್ ಸ್ಕ್ರಿಪ್ಟ್ (1994) ಚೂಪು ಲೇಖನಿಯದು. ಪ್ರಮಾಣಪತ್ರದ ಉದ್ದನೆಯ ಸಾಲುಗಳಿಗೆ ಮೊದಲನೆಯ ಕುಲ ಚೆನ್ನಾಗಿ ಒದಗುತ್ತದೆ, ಏಕೆಂದರೆ ಅದರ ಅಕ್ಷರಗಳು ಬಿಡಿಬಿಡಿಯಾಗಿವೆ, ಎಳೆಗಳೂ ಅಷ್ಟು ಸಪೂರವಲ್ಲ. ಮೇಷ್ಟ್ರೇ, ಇಂಗ್ಲಿಷಿನ ಮಗ್ಗುಲಿನ ಕರೆಯೋಲೆಯ ವಾಕ್ಯಗಳಿಗೆ ಅಂಥದನ್ನು ಬಳಸಬಹುದು.

ನ್ಯೂಜೆರ್ಸಿಯ ಕನ್ನಡಿಗ:

ಒಂದು ವಿಷಯವನ್ನು ಯಾರೂ ಎತ್ತಿಲ್ಲ. ಅಮೆರಿಕದಲ್ಲಿ 2010ರಲ್ಲಿ ಬಂದ ಕಾಮನ್ ಕೋರ್ ಪಠ್ಯಕ್ರಮದಲ್ಲಿ ಕೂಡುಬರಹದ ಕಲಿಕೆಗೆ ಸ್ಥಾನವಿರಲಿಲ್ಲ. ಇಲ್ಲಿ ಬೆಳೆದ ನನ್ನ ಮಕ್ಕಳಿಬ್ಬರಿಗೂ ಅದನ್ನು ಬರೆಯಲು ಬರುವುದಿಲ್ಲ, ಓದಲು ತಡವರಿಸುತ್ತಾರೆ. ಊರಿನಿಂದ ಸೋದರಮಾವನ ಮಗನ ಲಗ್ನಪತ್ರಿಕೆ ಬಂದಾಗ, ಕನ್ನಡದ ಮಗ್ಗುಲನ್ನೂ ಓದಲಾರದೆ, ಇಂಗ್ಲಿಷಿನ ಮಗ್ಗುಲನ್ನೂ ಓದಲಾರದೆ ನನ್ನ ಕೈಗೆ ಕೊಟ್ಟರು. ಆ ದಿನ ನನಗಾದ ಸಂಕಟವನ್ನು ಹೇಳಲಾರೆ. ನಾವು ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ದಿನಕ್ಕೊಂದು ಪುಟ ಬರೆದು ಬೆಳೆದವರು, ನಮಗೆ ಈ ಅಕ್ಷರ ಸಲೀಸು. ಮೇಷ್ಟ್ರ ಪತ್ರಿಕೆ ಹೊರದೇಶದ ನೆಂಟರ ಮಕ್ಕಳ ಕೈಗೂ ಹೋಗುವುದಿದ್ದರೆ ಈ ಮಾತನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿ.

ಕರಡು ತಿದ್ದುವವ:

ಇದನ್ನೇ ನಾನು ಆಗಿನಿಂದ ಹೇಳುತ್ತಿರುವುದು.

ಮಲೆನಾಡಿನ ಮೇಷ್ಟ್ರು:

ಬೀಗರ ಕಡೆಯ ಎರಡು ಕುಟುಂಬಗಳು ಹೊರದೇಶದಲ್ಲಿವೆ, ಈ ಮಾತು ನನಗೆ ತಟ್ಟಿತು. ಇಂಗ್ಲಿಷಿನಲ್ಲಿ ವಧೂವರರ ಹೆಸರುಗಳನ್ನು ಮಾತ್ರ ಸ್ನೆಲ್ ಬೋಲ್ಡಿನಲ್ಲಿ, ಇನಿಷಿಯಲ್ ಮತ್ತು ಉಳಿದುದೆಲ್ಲವನ್ನು ಸಾದಾ ಅಕ್ಷರದಲ್ಲಿ ಮಾಡಿಸುತ್ತೇನೆ. ಪದವಿಯನ್ನು ತೆಗೆದುಹಾಕುವಂತೆ ಮಗಳೇ ಹೇಳಿದಳು. ಕನ್ನಡದ ಪ್ರಶ್ನೆ ಹಾಗೆಯೇ ಉಳಿದಿದೆ.

ಡಿಟಿಪಿ ದಾವಣಗೆರೆ:

ಕನ್ನಡಕ್ಕೂ ಇಟ್ಯಾಲಿಕ್ ಗುಂಡಿ ಒತ್ತಿದರೆ ಅಕ್ಷರ ಬಾಗುತ್ತದೆ. ಎರಡು ಮಗ್ಗುಲಿಗೂ ಹೊಂದಾಣಿಕೆಯಾಗುತ್ತದೆ.

ಶಾನುಭೋಗರ ಮೊಮ್ಮಗ:

ಕನ್ನಡವನ್ನು ಹಾಗೆ ಬಾಗಿಸುವುದಕ್ಕೆ ನನ್ನ ತೀವ್ರ ವಿರೋಧವಿದೆ. ರೌಂಡ್‌ಹ್ಯಾಂಡಿನ ಓರೆ ಬರೆಯುವ ಕೈಯಿಂದ, ಲೇಖನಿಯಿಂದ ಹುಟ್ಟಿದ ಓರೆ. ಯಂತ್ರ ಬಾಗಿಸಿದ ಕನ್ನಡದಲ್ಲಿ ದುಂಡು ಅಕ್ಷರ ಒಂದು ಕಡೆಗೆ ಜಗ್ಗಿ ಮೊಟ್ಟೆಯಾಗುತ್ತದೆ, ತಲೆಕಟ್ಟು ಜಾರಿದ ಪೇಟದಂತೆ ಕಾಣುತ್ತದೆ, ಒತ್ತಕ್ಷರ ತನ್ನ ಮೂಲಾಕ್ಷರದ ಕೆಳಗಿನಿಂದ ಸರಿದುಹೋಗುತ್ತದೆ.

ಕನ್ನಡದಲ್ಲಿ ಕೂಡುಬರಹ ಇರಲಿಲ್ಲವೆಂದಲ್ಲ. ನನ್ನ ಅಜ್ಜ ಶಾನುಭೋಗರಾಗಿದ್ದರು. ಅವರ ಲೆಕ್ಕದ ಪುಸ್ತಕಗಳು ಮೋಡಿ ಬರಹದಲ್ಲಿವೆ, ಪೆನ್ನು ಎತ್ತದೆ ಅಕ್ಷರದಿಂದ ಅಕ್ಷರಕ್ಕೆ ಹರಿಸಿಕೊಂಡು ಬರೆದದ್ದು. ಅದಕ್ಕೂ ಹಿಂದೆ, ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದ ಬಟ್ಟೆಯ ಕಡತಗಳ ಮೇಲೆ ಬಳಪದಿಂದ ಬರೆದ ಲೆಕ್ಕಗಳಲ್ಲೂ ಇಂಥ ಬರಹವಿದೆ. ಆದರೆ ಅದು ಅವಸರದ ಬರಹ, ಬರೆದವರಿಗೆ ಮತ್ತು ಅವರ ಕಚೇರಿಯವರಿಗೆ ಮಾತ್ರ ಸಲೀಸು. ಮನೆಯಲ್ಲಿರುವ ಪುಸ್ತಕಗಳಲ್ಲಿ ನಾನು ಓದಬಲ್ಲದ್ದು ಸಂಖ್ಯೆಗಳು ಮತ್ತು ಕೆಲವು ಊರುಗಳ ಹೆಸರುಗಳನ್ನು ಮಾತ್ರ. ಲಂಡನ್ನಿನ ಬರಹದ ಮೇಷ್ಟ್ರುಗಳು ಗುಮಾಸ್ತರ ಬರಹಕ್ಕೆ ನಿಯಮ ಕಟ್ಟಿ, ತಾಮ್ರದಲ್ಲಿ ಕೆತ್ತಿ, ಪುಸ್ತಕ ಮಾಡಿ ಹಂಚಿದರು. ನಮ್ಮ ಮೋಡಿಗೆ ಅಂಥ ಪೋಷಣೆ ಸಿಗಲಿಲ್ಲ.

ಮೊಳೆಮನೆ:

ಕನ್ನಡದಲ್ಲಿ ಕೈಬರಹವೇ ಅಚ್ಚಾದ ಉದಾಹರಣೆ ಇದೆಯಲ್ಲ! 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಕಲ್ಲಚ್ಚಿನಲ್ಲಿ ಮೊಳೆ ಇಲ್ಲ, ಬರೆದ ಕೈಯೇ ಓದುಗನ ಮನೆಗೆ ಹೋಗುತ್ತದೆ. ನಮ್ಮ ಕಾಲದಲ್ಲೂ ಲಗ್ನಪತ್ರಿಕೆಯ ಕನ್ನಡ ಹೆಸರುಗಳನ್ನು ಒಬ್ಬ ಒಳ್ಳೆಯ ಬರಹಗಾರರಿಂದ ಬರೆಸಿ, ಸತುವಿನ ಬ್ಲಾಕ್ ಮಾಡಿಸಿ, ಮೊಳೆಗಳ ನಡುವೆ ಕೂರಿಸುತ್ತಿದ್ದೆವು.

ಅಕ್ಷರಾಸಕ್ತೆ:

ಮೇಷ್ಟ್ರ ಎರಡನೆಯ ಪ್ರಶ್ನೆಗೆ ನಾನು ಕೊಡಬೇಕೆಂದಿದ್ದ ಉತ್ತರವನ್ನು ಇವರಿಬ್ಬರೂ ನನಗಿಂತ ಚೆನ್ನಾಗಿ ಕೊಟ್ಟಿದ್ದಾರೆ. ಕನ್ನಡಕ್ಕೆ ಗಂಭೀರ ಬರಹದ ಫಾಂಟ್ ಮಾಡಬೇಕಾದರೆ ಮೊದಲು ಕನ್ನಡ ಬರೆಯುವ ಒಂದು ಲೇಖನಿಯನ್ನು ಆರಿಸಿಕೊಳ್ಳಬೇಕು. ಓಲೆಗರಿಯ ಮೇಲೆ ಕಬ್ಬಿಣದ ಕಂಠ ಕೊರೆದ ಗೆರೆಗೆ ದಪ್ಪ-ಸಪೂರವಿಲ್ಲ. ಅಗಲ ಮೂತಿಯ ಲಾಳದ ಕಡ್ಡಿಯಲ್ಲಿ ಬರೆದರೆ ಬರುವ ದಪ್ಪ ಬೇರೆ ಜಾಗದಲ್ಲಿ, ಚೂಪು ನಿಬ್ಬಿನಲ್ಲಿ ಬೇರೆ ಜಾಗದಲ್ಲಿ. ಇಂಗ್ಲಿಷಿನ ಎಳೆ ಬಲಕ್ಕೆ ಹೊರಟು ಮುಂದಿನ ಅಕ್ಷರವನ್ನು ಹಿಡಿಯುತ್ತದೆ. ಕನ್ನಡದ ಬಹಳಷ್ಟು ಅಕ್ಷರಗಳಲ್ಲಿ ಕೈ ಮೇಲಕ್ಕೆ ಹೋಗಿ ತಲೆಕಟ್ಟು ಎಳೆದು ಲೇಖನಿ ಎತ್ತುತ್ತದೆ, ಒತ್ತಿಗಾಗಿ ಮತ್ತೆ ಕೆಳಗಿಳಿಯುತ್ತದೆ. ಕೂಡಿಕೆ ಪಕ್ಕಕ್ಕಲ್ಲ, ಕೆಳಕ್ಕೆ. ರೌಂಡ್‌ಹ್ಯಾಂಡಿನ ಸೊಬಗನ್ನು ನಾವು ಒತ್ತಕ್ಷರ ಇಳಿಯುವ ಬಗೆಯಲ್ಲಿ, ದೀರ್ಘದ ಕೊಂಬಿನಲ್ಲಿ ಹುಡುಕಬೇಕು. ಈ ಕೆಲಸ ನನಗೂ ಬಾಕಿ ಇದೆ, ಎರಡು ವರ್ಷದಿಂದ 40 ಅಕ್ಷರಗಳನ್ನು ಬರೆದು ಹರಿದು ಹಾಕುತ್ತಲೇ ಇದ್ದೇನೆ.

ಅಲ್ಲಿಯವರೆಗೆ, ಮೊಳೆಮನೆಯವರು ಹೇಳಿದಂತೆ ಹೆಸರುಗಳನ್ನು ಕೈಯಲ್ಲೇ ಬರೆಸಿ ಸ್ಕ್ಯಾನ್ ಮಾಡಿಸಿ.

ಪದವೀಧರ:

ಮೇಷ್ಟ್ರೇ, ತಾವೇ ಬರೆಯಬಹುದಲ್ಲ? ಮೇಷ್ಟ್ರ ಅಕ್ಷರ ದುಂಡಗೇ ಇರಬೇಕು.

ಮಲೆನಾಡಿನ ಮೇಷ್ಟ್ರು:

ನನ್ನ ಅಕ್ಷರ ಕರಿಹಲಗೆಗೆ ಸರಿ. ನಮ್ಮ ಅತ್ತಿಗೆಯವರ ಅಕ್ಷರ ಮುತ್ತು ಪೋಣಿಸಿದ ಹಾಗೆ, ಸಂಘದ ಅಭಿನಂದನಾ ಪತ್ರಗಳನ್ನೆಲ್ಲ ಅವರೇ ಬರೆಯುವುದು. ನಿನ್ನೆ ಸಂಜೆ ಲಾಳದ ಕಡ್ಡಿಯನ್ನು ಓರೆಯಾಗಿ ಕತ್ತರಿಸಿಕೊಂಡು, ಮಸಿಯಲ್ಲಿ ಅದ್ದಿ ಎರಡೂ ಹೆಸರುಗಳನ್ನು ಹನ್ನೊಂದು ಬಾರಿ ಬರೆದರು. ಮಗಳ ಹೆಸರಿನಲ್ಲಿ ‘ಲಕ್ಷ್ಮೀ’ ಇದೆ. ಕಕಾರದ ಕೆಳಗೆ ಷಕಾರ, ಅದರ ಪಕ್ಕಕ್ಕೆ ಮಕಾರ, ಹೀಗೆ ಇಳಿದ ಒತ್ತುಗಳನ್ನು ಅವರು ಒಂದೇ ಉಸಿರಿನಲ್ಲಿ ಎಳೆದು, ದೀರ್ಘದ ಕೊಂಬನ್ನು ಮೇಲಕ್ಕೆ ಬಿಟ್ಟಾಗ ಅಣ್ಣನವರೂ ನಾನೂ ಸುಮ್ಮನೆ ನೋಡುತ್ತ ಕೂತೆವು. ಒಂಬತ್ತನೆಯದನ್ನು ಆರಿಸಿ ಸ್ಕ್ಯಾನ್ ಮಾಡಿಸಿದ್ದೇವೆ.

ಈಗ ಒಂದೇ ತೊಡಕು: ಆ ಮಕಾರದ ಒತ್ತು ಕೆಳಗಿನ ‘ಚಿ॥ ರಾ॥’ ಸಾಲಿಗೆ ತಾಗುತ್ತಿದೆ. ಹೆಸರನ್ನು ಚಿಕ್ಕದು ಮಾಡಲೇ, ಸಾಲಿನ ಅಂತರ ಹೆಚ್ಚಿಸಲೇ?

ಸುಲ್ತಾನ್‌ಪೇಟೆ ಸ್ಕ್ರೀನ್:

ಹೆಸರನ್ನು ಚಿಕ್ಕದು ಮಾಡಬೇಡಿ, ಚಿನ್ನದ ಬಣ್ಣದಲ್ಲಿ ಒತ್ತು ಕಟ್ಟಿಕೊಳ್ಳುತ್ತದೆ.

ಡಿಟಿಪಿ ದಾವಣಗೆರೆ:

ಕೆಳಗಿನ ಸಾಲನ್ನು ಆರು ಪಾಯಿಂಟ್ ಇಳಿಸಿ ಮೇಷ್ಟ್ರೇ, ಕೆಳಗಡೆ ಜಾಗ ಸಾಲದಿದ್ದರೆ ಅಂಚಿನ ಬಳ್ಳಿಯ ಚಿತ್ರವನ್ನು ತೆಗೆಸಿಬಿಡಿ.